ಮನೆಯ ಪ್ರಾರ್ಥನೆಯಲ್ಲಿ ದೇವರ ಸ್ತುತಿ

ಸರಕಾರಿ ಕಚೇರಿಯಲ್ಲಿ ಆವಕ-ಜಾವಕದ ಮೇಜಿನ ಮುಂದೆ ಕುಳಿತವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ದಿನವೂ ಎಷ್ಟೋ ಕಾಗದಗಳು ಬರುತ್ತವೆ. ಅವುಗಳಲ್ಲಿ ಏನನ್ನೂ ಬೇಡದ ಕಾಗದ ಸಿಗುವದು ಅಪರೂಪ. ‘ಮಾನ್ಯರೇ’ ಎಂದು ಆರಂಭಿಸಿ, ಎರಡನೆಯ ಸಾಲಿಗೇ ಬೇಡಿಕೆಗೆ ಇಳಿದು, ಕೆಳಗೆ ಸಹಿ ಹಾಕಿದ ಅರ್ಜಿಗಳೇ ಹೆಚ್ಚು. ಕೆಲಸವಾದ ಮೇಲೆ ‘ಆಯಿತು, ಬಹಳ ಉಪಕಾರವಾಯಿತು’ ಎಂದು ಬರೆದ ಕಾಗದವನ್ನು ಇಷ್ಟು ವರ್ಷಗಳ ನೌಕರಿಯಲ್ಲಿ ಎರಡೋ ಮೂರೋ ಕಂಡಿದ್ದೇವೆ. ಇದಕ್ಕಾಗಿ ಜನರನ್ನು ದೂರುವದು ಸರಿಯಲ್ಲ; ಕಚೇರಿ ಇರುವದೇ ಅರ್ಜಿಗಾಗಿ. ಆದರೆ ನಮ್ಮ ಮನೆಯ ಸಂಜೆಯ ಪ್ರಾರ್ಥನೆಯೂ ಅಂಥದೇ ಒಂದು ಅರ್ಜಿಯಾಗಿಬಿಟ್ಟಿದೆ ಎಂಬುದು ನಮಗೆ ಬಹಳ ದಿನ ಹೊಳೆದಿರಲಿಲ್ಲ.

ನಾವು ಬೆಟಗೇರಿಯ ಕಡೆಯ ಕ್ರೈಸ್ತ ಮನೆತನದವರು. ನೌಕರಿಯ ನಿಮಿತ್ತ ಪುಣೆಗೆ ಬಂದು ನೆಲೆಸಿದೆವು. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನೂ ಕರೆತಂದೆವು. ಸಂಜೆ ಊಟಕ್ಕೆ ಮೊದಲು ಎಲ್ಲರೂ ಕುಳಿತು ಪ್ರಾರ್ಥಿಸುವ ರೂಢಿ ಹಿರಿಯರಿಂದ ಬಂದದ್ದು. ರೂಢಿ ಉಳಿದಿತ್ತು, ಆದರೆ ಅದರೊಳಗಿನ ತಿರುಳು ಬದಲಾಗಿತ್ತು. ಹುಡುಗನ ಪರೀಕ್ಷೆ, ನಮ್ಮ ಬಡತಿ, ಮನೆಯ ಬಾಡಿಗೆ, ಅವ್ವನ ಕಣ್ಣು ಇವಿಷ್ಟನ್ನು ಯಾದಿ ಓದಿದಂತೆ ಓದಿ ‘ಆಮೆನ್’ ಎಂದು ಏಳುತ್ತಿದ್ದೆವು.

ಎರಡು ವರ್ಷಗಳ ಹಿಂದೆ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಿರಿಯ ಮಗಳಿಗೆ ಡೆಂಗಿ ಜ್ವರ ಬಂದಿತು. ನಾಲ್ಕು ರಾತ್ರಿ ಆಸ್ಪತ್ರೆಯಲ್ಲಿ ಕಳೆದೆವು. ರಕ್ತದೊಳಗಿನ ಪ್ಲೇಟ್‌ಲೆಟ್ ಎಣಿಕೆ ದಿನದಿನಕ್ಕೆ ಇಳಿಯುತ್ತಿತ್ತು. ಆ ದಿನಗಳಲ್ಲಿ ನಾವು ಮಾಡಿದ ಪ್ರಾರ್ಥನೆ ಎಂಥದೆಂದು ಮಕ್ಕಳೊಂದಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಐದನೆಯ ದಿನ ಎಣಿಕೆ ಏರಿತು. ಎರಡು ದಿನ ಬಿಟ್ಟು ಮಗು ಮನೆಗೆ ಬಂದಿತು. ಅಂದು ಎಲ್ಲರೂ ದಣಿದಿದ್ದೆವು. ಉಂಡು ದೀಪ ಆರಿಸಹೊರಟಾಗ ಅವ್ವ ಹಾಸಿಗೆಯ ಮೇಲೆ ಕುಳಿತಲ್ಲಿಂದಲೇ ಕೇಳಿದಳು: “ಇಷ್ಟ ದಿನಾ ಬೇಡಿಕೊಂಡ್ರಿ. ಇವತ್ತ ಆತಗ ಹೇಳೂದು ಏನೂ ಇಲ್ಲೇನಪಾ?”

ನಾಚಿಕೆಯಾಯಿತು. ಮತ್ತೆ ದೀಪ ಹಾಕಿ ಕುಳಿತೆವು. ಕುಳಿತ ಮೇಲೆ ಇನ್ನೊಂದು ಪೇಚು. ಏನು ಹೇಳಬೇಕು? ‘ಸ್ವಾಮೀ, ನಿನಗೆ ಸ್ತೋತ್ರ’ ಎಂದೆವು. ಅರ್ಧ ನಿಮಿಷದಲ್ಲಿ ಮಾತು ಮುಗಿದುಹೋಯಿತು. ಬೇಡಲು ನಾಲ್ಕು ರಾತ್ರಿ ಸಾಲದೆ ಹೋದ ನಮ್ಮಲ್ಲಿ ಹೊಗಳಲು ನಾಲ್ಕು ಮಾತು ಇರಲಿಲ್ಲ! ಬೇಡುವದು ಯಾರಿಗೂ ಕಲಿಸದೆ ಬರುತ್ತದೆ. ಸ್ತುತಿಸುವದನ್ನು ಮಾತ್ರ ಕಲಿಯಬೇಕಾಗುತ್ತದೆ ಎಂದು ಅಂದು ತಿಳಿಯಿತು. ಅಂದಿನಿಂದ ನಾವು ಕಲಿತ ಕೆಲವು ಮಾರ್ಗಗಳನ್ನು ವಾಚಕರ ಮುಂದಿಡುತ್ತಿದ್ದೇವೆ. ನಮ್ಮ ಸಂಘದಲ್ಲಿ ದಾಸರ ಪದ ಹಾಡುವ ಮನೆಗಳಿವೆ, ವಚನ ಓದುವ ಮನೆಗಳಿವೆ. ನಾವು ಹೇಳುವದು ಕ್ರೈಸ್ತರ ಪ್ರಾರ್ಥನೆಯನ್ನು ಕುರಿತು. ಆದರೂ ಇದು ಅವರಿಗೆ ತೀರ ಅಪರಿಚಿತವೆನಿಸಲಾರದು.

ದೇವರಿಗೆ ಹೊಗಳಿಕೆ ಬೇಕೇ?

ಈ ಪ್ರಶ್ನೆಯನ್ನು ಕೇಳಿದವನು ನಮ್ಮ ಹಿರಿಯ ಮಗ. “ಸಾಹೇಬರನ್ನ ಹೊಗಳಿದಂಗ ದೇವರನ್ನೂ ಹೊಗಳಬೇಕೇನು?” ಎಂದ. ಹತ್ತು ವರ್ಷದ ಹುಡುಗನ ಪ್ರಶ್ನೆಯೆಂದು ತಳ್ಳಿಹಾಕುವಂಥದಲ್ಲ. ಸಾಹೇಬರನ್ನು ಹೊಗಳುವವನ ಕಣ್ಣು ಸಾಹೇಬರ ಮೇಲಿರುವದಿಲ್ಲ. ಅವರಿಂದ ಬರಬೇಕಾದುದರ ಮೇಲಿರುತ್ತದೆ. ಅದು ಬೇಡಿಕೆಯ ಇನ್ನೊಂದು ವೇಷ. ಸ್ತುತಿಯಲ್ಲಿ ಕಣ್ಣು ದೇವರ ಮೇಲೆಯೇ ನಿಲ್ಲಬೇಕು. ಬಿಸಿ ರೊಟ್ಟಿ ಸಿಕ್ಕಿತೆಂದು ಸಂತೋಷಪಡುವದು ಕೃತಜ್ಞತೆ. ಬೆಂಕಿಯ ಮುಂದೆ ಕುಳಿತು ಬಡಿದವಳ ಮುಖವನ್ನು ತಲೆಯೆತ್ತಿ ನೋಡುವದು ಸ್ತುತಿ. ನೋಡಿದ್ದರಿಂದ ಅವಳಿಗೆ ಏನು ಲಾಭವೋ ನಾವರಿಯೆವು; ನೋಡದಿದ್ದರೆ ನಾವು ಬರೀ ರೊಟ್ಟಿ ತಿಂದವರಾಗುತ್ತೇವೆ.

ಯೇಸುಸ್ವಾಮಿ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ದಿನದ ಆಹಾರವನ್ನು ಬೇಡುವ ಮಾತು ಇದೆ. ಆದರೆ ಅದು ಮೊದಲು ಬರುವದಿಲ್ಲ. ತಂದೆಯ ನಾಮ, ತಂದೆಯ ರಾಜ್ಯ, ತಂದೆಯ ಚಿತ್ತ ಇವು ಮೂರೂ ಆದ ಮೇಲೆ ನಮ್ಮ ಅನ್ನದ ಮಾತು. ನಾವು ದಿನವೂ ಆ ಪ್ರಾರ್ಥನೆಯನ್ನು ಹೇಳುತ್ತಿದ್ದೆವು. ಅದರ ಕ್ರಮವನ್ನು ಮಾತ್ರ ಗಮನಿಸಿರಲಿಲ್ಲ. ಆದ್ದರಿಂದ ನಮ್ಮ ಮನೆಯ ಮೊದಲನೆಯ ನಿಯಮ ಇದಾಯಿತು: ಪ್ರಾರ್ಥನೆಗೆ ಕುಳಿತಾಗ ಮೊದಲ ಐದು ನಿಮಿಷ ‘ಕೊಡು’ ಎಂಬ ಮಾತು ಬರಕೂಡದು. ಆರಂಭದ ವಾರದಲ್ಲಿ ಆ ಐದು ನಿಮಿಷ ಬಹಳ ಉದ್ದವೆನಿಸಿದವು.

ಹಳೆಯ ಪಾಠಪುಸ್ತಕ

ಆ ಐದು ನಿಮಿಷ ತುಂಬುವದು ಹೇಗೆ? ಇದಕ್ಕೆ ಪಾಠಪುಸ್ತಕ ಮನೆಯಲ್ಲೇ ಇತ್ತು. ಸತ್ಯವೇದದ ಕೀರ್ತನೆಗಳ ಗ್ರಂಥದಲ್ಲಿ 150 ಕೀರ್ತನೆಗಳಿವೆ. ಇಬ್ರಿಯ ಭಾಷೆಯಲ್ಲಿ ಆ ಗ್ರಂಥದ ಹೆಸರು ‘ತೆಹಿಲ್ಲೀಮ್’, ಎಂದರೆ ‘ಸ್ತುತಿಗಳು’. ಅದನ್ನು ನಾವು ಓದಿದ್ದೆವು. ಹೇಗೆ ಕಟ್ಟಿದ್ದಾರೆಂದು ನೋಡಿರಲಿಲ್ಲ. ನೋಡಿದಾಗ ಎಲ್ಲ ಮನೆಗಳಿಗೂ ಒದಗುವ ಉಪಾಯಗಳು ಅಲ್ಲಿಯೇ ಸಿಕ್ಕವು.

136ನೆಯ ಕೀರ್ತನೆಯಲ್ಲಿ 26 ವಚನಗಳಿವೆ. ಪ್ರತಿಯೊಂದರ ಮೊದಲರ್ಧದಲ್ಲಿ ಹೆಚ್ಚಾಗಿ ದೇವರು ಮಾಡಿದ ಒಂದು ಕಾರ್ಯ. ಎರಡನೆಯ ಅರ್ಧದಲ್ಲಿ ಆತನ ಕೃಪೆಗೆ ಕೊನೆಯಿಲ್ಲವೆಂಬ ಒಂದೇ ಪಲ್ಲವಿ. ಒಬ್ಬರು ಹೇಳಬೇಕು, ಉಳಿದವರು ಪಲ್ಲವಿ ಹಿಡಿಯಬೇಕು. ನಮ್ಮ ಕಡೆಯ ಭಜನೆಯ ಹಾಗೆಯೇ. ಆಕಾಶ, ಭೂಮಿ, ಸೂರ್ಯ, ಚಂದ್ರರಿಂದ ಹೊರಟು ಇಸ್ರಾಯೇಲರ ಇತಿಹಾಸವನ್ನೆಲ್ಲ ಹಾಡಿ ಕೊನೆಗೆ ಎಲ್ಲ ಜೀವಿಗಳ ಅನ್ನಕ್ಕೆ ಬಂದು ನಿಲ್ಲುತ್ತದೆ. ನಾವು ಆ ಇತಿಹಾಸದ ಸ್ಥಳದಲ್ಲಿ ನಮ್ಮ ದಿನವನ್ನು ಇಟ್ಟೆವು. ಒಬ್ಬೊಬ್ಬರೂ ಅಂದಿನ ಒಂದು ಸಂಗತಿಯನ್ನು ಹೇಳಬೇಕು. ಉಳಿದವರು ಪಲ್ಲವಿ ಹೇಳಬೇಕು. ಕರಾರು ಒಂದೇ: ‘ಎಲ್ಲ ಉಪಕಾರಗಳಿಗಾಗಿ’ ಎಂದು ಒಟ್ಟಿಗೆ ಮೂಟೆ ಕಟ್ಟಬಾರದು. ‘ಸ್ವಾರಗೇಟಿನ ಬಸ್ಸಿನಲ್ಲಿ ಒಬ್ಬ ಹುಡುಗ ಎದ್ದು ಅವ್ವನಿಗೆ ಜಾಗ ಕೊಟ್ಟ’ ಎಂದು ಹೇಳಬೇಕು. ಹೆಸರಿಟ್ಟು ಹೇಳಿದರೆ ಮಾತ್ರ ಕಂಡದ್ದು ನೆನಪಿನಲ್ಲಿ ಉಳಿಯುತ್ತದೆ. ಸಂಜೆ ಹೇಳಬೇಕಾಗುತ್ತದೆಂದು ಮಕ್ಕಳು ಹಗಲೆಲ್ಲ ಕಣ್ಣು ತೆರೆದಿಟ್ಟುಕೊಂಡು ತಿರುಗುವದನ್ನು ನಾವು ಕಂಡಿದ್ದೇವೆ.

ಎರಡನೆಯ ಉಪಾಯ ಅಕ್ಷರಮಾಲೆ. 145ನೆಯ ಕೀರ್ತನೆಯ ವಚನಗಳು ಇಬ್ರಿಯ ವರ್ಣಮಾಲೆಯ ಅಕ್ಷರಗಳಿಂದ ಕ್ರಮವಾಗಿ ಆರಂಭವಾಗುತ್ತವೆ. 119ನೆಯದರಲ್ಲಂತೂ 22 ಅಕ್ಷರಗಳಿಗೆ ಎಂಟೆಂಟರಂತೆ 176 ವಚನಗಳು. ಬಾಯಿಪಾಠಕ್ಕೆ ಇದಕ್ಕಿಂತ ಸುಲಭದ ದಾರಿ ಯಾವುದು? ಮರಾಠಿ ಮತ್ತು ಇಂಗ್ಲಿಷ್ ಮಾತ್ರ ಬರೆಯುವ ನಮ್ಮ ಮಕ್ಕಳಿಗೆ ಇದರಿಂದ ಎರಡು ಲಾಭವಾಯಿತು. ದಿನಕ್ಕೊಂದು ಕನ್ನಡ ಅಕ್ಷರ. ಆ ಅಕ್ಷರದಿಂದ ದೇವರ ಒಂದು ಗುಣ. ‘ಕ’ ಎಂದರೆ ಕರುಣಾಳು, ‘ತ’ ಎಂದರೆ ತಾಳ್ಮೆಯುಳ್ಳವನು, ‘ನ’ ಎಂದರೆ ನ್ಯಾಯವಂತ, ‘ಪ’ ಎಂದರೆ ಪಾಲಿಸುವವನು. ‘ಣ’ಕಾರಕ್ಕೆ ಬಂದಾಗ ಎಲ್ಲರೂ ಸಿಕ್ಕಿಬಿದ್ದೆವು, ಆ ಅಕ್ಷರದಿಂದ ಆರಂಭವಾಗುವ ಮಾತೇ ನಮ್ಮಲ್ಲಿ ಇಲ್ಲವಲ್ಲ! ಮಕ್ಕಳು ನಗತೊಡಗಿದರು. ಅವ್ವ ಹೇಳಿದಳು: “ಮಾತ ಇಲ್ಲದಾಗ ಸುಮ್ನ ಕುಂಡ್ರೂದು. ಅದೂ ಸ್ತೋತ್ರನ.” ಅಂದು ನಾವು ಐದು ನಿಮಿಷ ಸುಮ್ಮನೆ ಕುಳಿತೆವು. ಮುಂದೆ ಓದುವಾಗ ಒಂದು ಸೋಜಿಗದ ಸಂಗತಿ ತಿಳಿಯಿತು. ಪರಂಪರೆಯಿಂದ ಬಂದ ಇಬ್ರಿಯ ಪಾಠದ 145ನೆಯ ಕೀರ್ತನೆಯಲ್ಲಿಯೂ ‘ನೂನ್’ ಎಂಬ ಒಂದು ಅಕ್ಷರದ ವಚನ ಇಲ್ಲ. ಮೃತಸಮುದ್ರದ ದಂಡೆಯ ಗವಿಗಳಲ್ಲಿ ದೊರೆತ ಹಳೆಯ ಸುರುಳಿಯೊಂದರಲ್ಲಿ ಆ ವಚನವಿದೆ. ನೂರಾರು ವರ್ಷ ಜನರು ಒಂದು ಅಕ್ಷರ ಬಿಟ್ಟೇ ಆ ಸ್ತುತಿಯನ್ನು ಹಾಡಿದರು; ಸ್ತುತಿಗೆ ಅದರಿಂದ ಕುಂದು ಬಂದಿಲ್ಲ.

ಮೂರನೆಯದು ದೇಹದ ಮಾತು. 95ನೆಯ ಕೀರ್ತನೆ ಮೊಣಕಾಲೂರಲು ಕರೆಯುತ್ತದೆ. 134ನೆಯದು ಕೈಯೆತ್ತಲು, 47ನೆಯದು ಚಪ್ಪಾಳೆ ತಟ್ಟಲು. ಕೆಳಗೆ ಮೇಲೆ ಬಿಡಾರಗಳಿರುವ ಎರಡು ಕೋಣೆಯ ಮನೆಯಲ್ಲಿ ಚಪ್ಪಾಳೆ ಹೊಂದಲಿಕ್ಕಿಲ್ಲ. ಎದ್ದು ನಿಂತು ಕೈಯೆತ್ತಲು ಯಾರ ಅಡ್ಡಿಯೂ ಇಲ್ಲ. ಮನಸ್ಸು ಜಡವಾದ ದಿನ ಮೊದಲು ಎದ್ದು ನಿಲ್ಲಬೇಕು. ಮನಸ್ಸು ಆಮೇಲೆ ಏಳುತ್ತದೆ.

ನಾಲ್ಕನೆಯದನ್ನು ನಮ್ಮ ಕಚೇರಿಯಿಂದ ತಂದೆವು. ಹತ್ತು ಮಂದಿ ಕುಷ್ಠರೋಗಿಗಳು ಗುಣಹೊಂದಿದರೆ ಹಿಂದಿರುಗಿ ಬಂದು ಸ್ತುತಿಸಿದವನು ಒಬ್ಬನೇ ಎಂದು ಲೂಕನ ಸುವಾರ್ತೆಯಲ್ಲಿ ಕಥೆಯಿದೆ. ಅವನೂ ಪರದೇಶದವನು, ಸಮಾರ್ಯದವನು. ಉಳಿದ ಒಂಬತ್ತು ಮಂದಿ ಕೆಟ್ಟವರಾಗಿರಲಿಕ್ಕಿಲ್ಲ. ಮನೆಗೆ ಹೋಗುವ ಅವಸರದಲ್ಲಿ ಮರೆತಿರಬೇಕು, ನಾವು ಮರೆತ ಹಾಗೆ. ಅದಕ್ಕಾಗಿ ಒಂದು ನೋಟುಬುಕ್ಕು ಇಟ್ಟಿದ್ದೇವೆ. ಎಡಬದಿಯಲ್ಲಿ ಬೇಡಿದ್ದು ಮತ್ತು ತಾರೀಖು. ಬಲಬದಿಯಲ್ಲಿ ಅದು ನೆರವೇರಿದ ತಾರೀಖು ಮತ್ತು ಸ್ತೋತ್ರ ಸಲ್ಲಿಸಿದ ತಾರೀಖು. ಬಲಬದಿ ಖಾಲಿ ಉಳಿದ ಸಾಲುಗಳೂ ಇವೆ. ಅವುಗಳ ಮಾತು ಮುಂದೆ ಹೇಳುತ್ತೇವೆ.

ಯಾವ ಭಾಷೆಯಲ್ಲಿ?

ಪರಊರಿನಲ್ಲಿರುವ ನಮ್ಮಂಥವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಭಾನುವಾರ ನಾವು ಹೋಗುವದು ಮರಾಠಿ ಆರಾಧನೆಗೆ. ಅವ್ವನಿಗೆ ಮರಾಠಿ ತಿಳಿಯದು. ಮೊದಮೊದಲು ಅವಳು ಸುಮ್ಮನೆ ಕುಳಿತುಬರುತ್ತಿದ್ದಳು.

ಈ ತೊಡಕು ಹೊಸದಲ್ಲ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಜರ್ಮನ್ ರಾಗಗಳಿಗೆ ಕನ್ನಡ ಮಾತು ಹೊಂದಿಸಿ ಹಾಡಿಸಿದರು. ಲಘು-ಗುರುಗಳ ಅಳತೆಯ ಮೇಲೆ ನಡೆಯುವ ನಮ್ಮ ಮಾತು ಆ ರಾಗಗಳಲ್ಲಿ ಕೆಲವೆಡೆ ಎಡವುತ್ತದೆ. ಆದರೂ ನಮ್ಮ ಹಿರಿಯರು ಅವನ್ನೇ ಪ್ರೀತಿಯಿಂದ ಹಾಡಿ ತಮ್ಮದಾಗಿ ಮಾಡಿಕೊಂಡರು. ಆ ಮಿಶನ್ನಿನವರೇ ಆದ ಫರ್ಡಿನಂಡ್ ಕಿಟ್ಟೆಲ್ ಇನ್ನೊಂದು ದಾರಿ ಹಿಡಿದರು. 1894ರ ಅವರ ನಿಘಂಟನ್ನು ಎಲ್ಲರೂ ಬಲ್ಲರು. ಅದಕ್ಕೂ ಮೊದಲು, 1862ರಲ್ಲಿ, ಅವರು ಕ್ರಿಸ್ತಚರಿತ್ರೆಯನ್ನು ನಮ್ಮ ದೇಶದ ಛಂದಸ್ಸಿನಲ್ಲಿಯೇ ‘ಕಥಾಮಾಲೆ’ಯಾಗಿ ಹೆಣೆದರು, 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಪ್ರಕಟಿಸಿದರು. ಜನರ ನಾಲಿಗೆಗೆ ಹತ್ತುವ ಲಯದಲ್ಲಿಯೇ ಸ್ತುತಿ ನಿಲ್ಲುತ್ತದೆಂದು ಅವರು ಕಂಡುಕೊಂಡಿರಬೇಕು.

ಮರಾಠಿಯಲ್ಲಿ ಆ ಕೆಲಸ ಮಾಡಿದವರು ನಾರಾಯಣ ವಾಮನ ಟಿಳಕರು (1861–1919). ಆಷಾಢದ ಯಾತ್ರೆಗಾಗಿ ದೇಹೂ ಮತ್ತು ಆಳಂದಿಯ ಪಾಲಖಿಗಳು ಪುಣೆಯನ್ನು ಹಾದು ಪಂಢರಪುರಕ್ಕೆ ಹೋಗುವದನ್ನು ನಾವೆಲ್ಲ ರಸ್ತೆಯ ಬದಿಗೆ ನಿಂತು ನೋಡಿದ್ದೇವೆ. ಮಳೆಯಲ್ಲಿ ತೊಯ್ಯುತ್ತ ನಾಮ ಹಾಡುತ್ತ ನಡೆಯುವ ಆ ಜನರ ಬಾಯಲ್ಲಿ ಬೇಡಿಕೆಗಿಂತ ಹಾಡೇ ಹೆಚ್ಚು. ಟಿಳಕರು ತಾವು ಕ್ರಿಸ್ತನ ಬಳಿಗೆ ಬಂದದ್ದು ತುಕಾರಾಮನ ಸೇತುವೆಯ ಮೇಲಿಂದ ಎನ್ನುತ್ತಿದ್ದರು. 1895ರಲ್ಲಿ ಕ್ರೈಸ್ತರಾದ ಮೇಲೆ ಅಹಮದನಗರದಲ್ಲಿದ್ದು ಅಭಂಗ, ಪದ, ಕೀರ್ತನಗಳ ಮೂಲಕ ಮರಾಠಿ ಸಭೆಗೆ ಅದರದೇ ದನಿಯನ್ನು ಕೊಟ್ಟರು. ಇದನ್ನು ಅವ್ವನಿಗೆ ಹೇಳಿದ ಮೇಲೆ ಅವಳು ಮರಾಠಿ ಪದಗಳಿಗೆ ತಾಳ ಹಿಡಿಯತೊಡಗಿದಳು. ಆದರೆ ಮನೆಯಲ್ಲಿ ಹಾಡುವದು ಕನ್ನಡದಲ್ಲಿಯೇ. ಸಭೆಯಲ್ಲಿ ಊರಿನ ಭಾಷೆ, ಮನೆಯಲ್ಲಿ ತಾಯಿಯ ಭಾಷೆ: ಇದು ನಮ್ಮ ಐದನೆಯ ನಿಯಮ.

ಕೇಡಗಾಂವಿಗೆ ಹೋದ ದಿನ

ಇನ್ನು ಬಲಬದಿ ಖಾಲಿ ಉಳಿದ ಸಾಲುಗಳ ಮಾತು. ಅವ್ವನ ಕಣ್ಣುಗಳಿಗೆ ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡದಿಂದ ನರ ಬತ್ತುವ ರೋಗ. ನೋವಿಲ್ಲದೆ ಬರುತ್ತದಾದ್ದರಿಂದ ಬಹಳ ಜನರಿಗೆ ತಡವಾಗಿ ತಿಳಿಯುತ್ತದೆ. (ನಲವತ್ತು ದಾಟಿದವರು ಒಮ್ಮೆ ಕಣ್ಣಿನ ಒತ್ತಡ ನೋಡಿಸಿಕೊಳ್ಳುವದು ಒಳ್ಳೆಯದು.) ಹೋದ ದೃಷ್ಟಿ ಮರಳುವದಿಲ್ಲ, ಉಳಿದದ್ದನ್ನು ಔಷಧದಿಂದ ಕಾಯ್ದುಕೊಳ್ಳಬೇಕು ಎಂದರು ವೈದ್ಯರು. ನಾವು ಎರಡು ವರ್ಷ ಬೇಡಿದೆವು. ದೃಷ್ಟಿ ಇಳಿಯುತ್ತಲೇ ಹೋಯಿತು. ಈಗ ಅವಳಿಗೆ ಬೆಳಕು ಕತ್ತಲೆ ಮಾತ್ರ ಗೊತ್ತಾಗುತ್ತದೆ. ಅವಳ ಮುಂದೆ ಕುಳಿತು ಸ್ತುತಿಯ ಪಲ್ಲವಿ ಹೇಳುವಾಗ ನಮ್ಮ ಗಂಟಲು ಕಟ್ಟುತ್ತಿತ್ತು. ಇದು ಸುಳ್ಳಲ್ಲವೇ ಎಂದು ಮನಸ್ಸು ಕೇಳುತ್ತಿತ್ತು.

ಕಳೆದ ಚಳಿಗಾಲದಲ್ಲಿ ಅವಳನ್ನು ಕರೆದುಕೊಂಡು ಕೇಡಗಾಂವಿಗೆ ಹೋಗಿಬಂದೆವು. ಪುಣೆಯಿಂದ ದೌಂಡಿನ ರೈಲು ಮಾರ್ಗದಲ್ಲಿ ಸುಮಾರು ಅರವತ್ತು ಕಿಲೋಮೀಟರ್. ಪಂಡಿತಾ ರಮಾಬಾಯಿಯವರ ಮುಕ್ತಿ ಮಿಶನ್ ಅಲ್ಲಿದೆ. ರಮಾಬಾಯಿ ಹುಟ್ಟಿದ್ದು ನಮ್ಮ ಸಹ್ಯಾದ್ರಿಯ ಗಂಗಾಮೂಲದಲ್ಲಿ, 1858ರಲ್ಲಿ. ತಂದೆ ಅನಂತಶಾಸ್ತ್ರಿಗಳ ಊರು ಕಾರ್ಕಳದ ಹತ್ತಿರದ ಮಾಳ. ತಂದೆತಾಯಿಗಳು ಪುರಾಣ ಹೇಳುತ್ತ ಊರೂರು ಅಲೆದರು. ಬರಗಾಲದಲ್ಲಿ ಹಸಿವಿನಿಂದ ತೀರಿಕೊಂಡರು. ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. ಮುಂದೆ ಬರಗಾಲಗಳಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ತಂದು ಕೇಡಗಾಂವಿನಲ್ಲಿ ಸಾಕಿದರು. 1900ರ ಸುಮಾರಿಗೆ ಅವರ ಸಂಖ್ಯೆ ಎರಡು ಸಾವಿರದ ಹತ್ತಿರಕ್ಕೆ ಏರಿತ್ತು. 1905ರಲ್ಲಿ ಅಲ್ಲಿ ನೂರಾರು ಹುಡುಗಿಯರು ಒಟ್ಟಿಗೆ ದನಿಯೆತ್ತಿ ಪ್ರಾರ್ಥಿಸಿದ್ದು ದೇಶವಿದೇಶಗಳಲ್ಲಿ ಸುದ್ದಿಯಾಯಿತು. ಮಿಶನ್ನಿನ ಪತ್ರಿಕೆಯ ಹೆಸರೇ ‘ಮುಕ್ತಿ ಪ್ರಾರ್ಥನಾ ಘಂಟೆ’ ಎಂಬ ಅರ್ಥದ್ದು. ಅನಾಥರಾಗಿ, ಹಸಿದು ಬಂದವರು ಅವರು. ಸ್ತುತಿ ಉಂಡುಟ್ಟವರ ಕೆಲಸವೆನ್ನಲು ಅಲ್ಲಿ ಬಾಯಿ ಬರುವದಿಲ್ಲ.

ಅಲ್ಲಿ ಕುರುಡು ಹೆಂಗಸರಿಗೂ ಆಶ್ರಯವಿತ್ತು. ರಮಾಬಾಯಿಯವರ ಮಗಳು ಮನೋರಮಾ ಅವರಿಗೆ ಬ್ರೈಲ್ ಲಿಪಿಯನ್ನು ಕಲಿಸಿದರು. ಆ ಮಗಳು 1921ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡಳು. ರಮಾಬಾಯಿ ಆಗ ಸತ್ಯವೇದವನ್ನು ಮೂಲಭಾಷೆಗಳಿಂದ ಸರಳ ಮರಾಠಿಗೆ ತರುವ ಬಹುವರ್ಷಗಳ ಕೆಲಸದ ಕೊನೆಯಲ್ಲಿದ್ದರು. ಕೆಲಸ ಬಿಡಲಿಲ್ಲ; ಮುಗಿಸಿ 1922ರ ಏಪ್ರಿಲ್ 5ರಂದು ಕಣ್ಣುಮುಚ್ಚಿದರು. ಗ್ರಂಥ 1924ರಲ್ಲಿ ಹೊರಬಂದಿತು.

ಇದನ್ನೆಲ್ಲ ಅವ್ವನಿಗೆ ಕನ್ನಡದಲ್ಲಿ ಹೇಳುತ್ತ ಒಂದು ಮರದ ಕೆಳಗೆ ಕುಳಿತಿದ್ದೆವು. ಬಹಳ ಹೊತ್ತು ಸುಮ್ಮನಿದ್ದು ಅವಳು ಕೇಳಿದಳು: “ನನ್ನ ಕಣ್ಣ ಬರಲಿಲ್ಲಂತ ನೀವು ಸಂಜೀಕ ಸಣ್ಣ ದನೀಲೆ ಹಾಡ್ತೀರಿ, ಹೌದಲ್ಲೋ?” ನಮಗೆ ಉತ್ತರ ತೋಚಲಿಲ್ಲ. “ಕಣ್ಣಿಗಾಗಿ ಅಳ್ರಿ, ಬ್ಯಾಡ ಅನ್ನೂದಿಲ್ಲ. ನಾನೂ ಅತ್ತೇನಿ. ಆದ್ರ ಅತ್ತ ಮ್ಯಾಲ ಹಾಡ್ರಿ. ಗಟ್ಟಿ ಹಾಡ್ರಿ. ನನಗ ಈಗ ಕೇಳೂದಷ್ಟ ಉಳದೈತಿ” ಎಂದಳು.

ಮನೆಗೆ ಬಂದು ಕೀರ್ತನೆಗಳನ್ನು ಮತ್ತೆ ತೆರೆದೆವು. 13ನೆಯ ಕೀರ್ತನೆ ಎಷ್ಟರವರೆಗೆ ಮರೆಯುವೆ ಎಂಬ ದೂರಿನಿಂದ ಆರಂಭವಾಗಿ ಆರೇ ವಚನಗಳಲ್ಲಿ ಹಾಡಿಗೆ ಬರುತ್ತದೆ. 88ನೆಯದು ಹಾಡಿಗೆ ಬರುವದೇ ಇಲ್ಲ. ಕತ್ತಲೆಯ ಮಾತಿನಲ್ಲಿಯೇ ಮುಗಿಯುತ್ತದೆ. ಆದರೂ ‘ಸ್ತುತಿಗಳು’ ಎಂಬ ಹೆಸರಿನ ಗ್ರಂಥದಿಂದ ಅದನ್ನು ಯಾರೂ ತೆಗೆದುಹಾಕಲಿಲ್ಲ. ದುಃಖವನ್ನು ಮುಚ್ಚಿಟ್ಟು ಹೊಗಳಬೇಕೆಂದು ಆ ಗ್ರಂಥ ಎಲ್ಲಿಯೂ ಹೇಳುವದಿಲ್ಲ. ದುಃಖವನ್ನೂ ಅಲ್ಲಿಗೇ ತರಬೇಕು. ಇದು ನಮ್ಮ ಆರನೆಯ ಮತ್ತು ಕೊನೆಯ ಪಾಠ. ಖಾಲಿ ಉಳಿದ ಸಾಲುಗಳನ್ನು ಈಗ ನಾವು ಹೊಡೆದುಹಾಕುವದಿಲ್ಲ. ತಿಂಗಳಿಗೊಮ್ಮೆ ಅವನ್ನು ಗಟ್ಟಿಯಾಗಿ ಓದಿ, ಆಮೇಲೆ ಪಲ್ಲವಿ ಹೇಳುತ್ತೇವೆ.

ಅವ್ವನಿಗೆ ಐವತ್ತು ಅರವತ್ತು ಗೀತಗಳು ಬಾಯಿಪಾಠ ಬರುತ್ತವೆ. ಹುಡುಗಿಯಾಗಿದ್ದಾಗ ಕಲಿತದ್ದು. ಓದಲು ಬಾರದಾದ ಮೇಲೆ ಅವೇ ಅವಳ ಪುಸ್ತಕವಾದವು. ನಮಗೆ ಮೊದಲ ಚರಣ ಮಾತ್ರ ಬರುತ್ತದೆ. ಮಕ್ಕಳಿಗೆ ಅದೂ ಬರುತ್ತಿರಲಿಲ್ಲ. ಈಗ ಭಾನುವಾರ ಮಧ್ಯಾಹ್ನ ಅವಳು ಹೇಳುತ್ತಾಳೆ, ಮಗ ಕನ್ನಡದಲ್ಲಿ ಬರೆದುಕೊಳ್ಳುತ್ತಾನೆ, ಮಗಳು ದನಿಯನ್ನು ಮೊಬೈಲಿನಲ್ಲಿ ಹಿಡಿದಿಡುತ್ತಾಳೆ. ಒತ್ತಕ್ಷರದಲ್ಲಿ ತಪ್ಪುತ್ತಾನೆ; ಅವಳು ನೋಡಲಾರಳು, ಆದ್ದರಿಂದ ಓದಿ ಹೇಳಿಸಿ ತಿದ್ದುತ್ತಾಳೆ. ಇದುವರೆಗೆ ಹತ್ತೊಂಬತ್ತು ಗೀತಗಳಾಗಿವೆ.

ವಾಚಕರಲ್ಲಿ ನಮ್ಮ ವಿನಂತಿ ಇಷ್ಟೇ. ನಿಮ್ಮ ಮನೆಯಲ್ಲಿಯೂ ಬಾಯಿಪಾಠದ ಸ್ತುತಿಗಳಿರುವ ಹಿರಿಯರು ಇದ್ದರೆ, ಅವು ಯಾವ ದೇವರ ಹೆಸರಿನಲ್ಲಿಯೇ ಇರಲಿ, ಈ ವಾರವೇ ಒಂದು ನೋಟುಬುಕ್ಕು ತೆಗೆದುಕೊಂಡು ಅವರ ಹತ್ತಿರ ಕುಳಿತುಕೊಳ್ಳಿರಿ. ನಾವು ತಡವಾಗಿ ಕುಳಿತೆವು.